ಮೂಗಿನ ತುದಿಯ ಗುಳ್ಳೆ

ನಮ್ಮ ಯಜಮಾನರು ವಾಚ್ ರಿಪೇರಿ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಲಗಣ್ಣಿಗೆ ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು, ಅದರ ತಂತಿಯನ್ನು ತಲೆಗೆ ಸುತ್ತಿ ಕುಳಿತರೆಂದರೆ ಊಟಕ್ಕೆ ಕರೆದರೂ ಏಳುವವರಲ್ಲ. ಎಳ್ಳಿಗಿಂತ ಚಿಕ್ಕ ತಿರುಪು ಕೂರಿಸುವ ಕೆಲಸ ಅದು. ಆ ಬಲಗಣ್ಣಿನಿಂದಲೇ ನಮ್ಮ ಮನೆ ನಡೆಯುತ್ತದೆ.

ಒಂದು ಬೆಳಿಗ್ಗೆ ಅವರ ಹಣೆಯ ಬಲಭಾಗ ಉರಿಯತೊಡಗಿತು. ಬಾಚಣಿಗೆ ತಾಗಿದರೂ ಮುಖ ಕಿವುಚುತ್ತಿದ್ದರು. ಮಾರನೆಯ ದಿನ ಹುಬ್ಬಿನ ಮೇಲೆ ನೀರುಗುಳ್ಳೆಗಳ ಗುಂಪೇ ಎದ್ದಿತು. ನನಗೆ ಗಾಬರಿ, ಅವರಿಗೆ ತಾತ್ಸಾರ.

"ತಂತಿ ಉಜ್ಜಿದೆ ಕಣೇ, ಅಷ್ಟೇ," ಎಂದರು.

ತಂತಿಗೆ ಹಳೇ ಬಟ್ಟೆ ಸುತ್ತಿದರು. ಭೂತಗನ್ನಡಿಯನ್ನು ಎಡಗಣ್ಣಿಗೆ ಬದಲಾಯಿಸಿದರು. ಹುಬ್ಬಿಗೆ ಎಣ್ಣೆ ಸವರಿಕೊಂಡು ಮತ್ತೆ ಕೆಲಸಕ್ಕೆ ಕುಳಿತರು. ಎಡಗಣ್ಣಿಗೆ ಅಭ್ಯಾಸವಿಲ್ಲ. ತಿರುಪು ಜಾರಿ ನೆಲಕ್ಕೆ ಬೀಳುವುದು, ಗಂಡ ಹೆಂಡತಿ ಇಬ್ಬರೂ ಮಂಡಿಯೂರಿ ಹುಡುಕುವುದು, ಇದೇ ಆಯಿತು. ಆಸ್ಪತ್ರೆಯ ಮಾತೆತ್ತಿದರೆ ಸಿಡುಕುತ್ತಿದ್ದರು. ಡಾಕ್ಟರು ಕಣ್ಣಿಗೆ ಪಟ್ಟಿ ಕಟ್ಟಿ ಮನೆಯಲ್ಲಿ ಕೂರಿಸಿಬಿಟ್ಟರೆ ಎಂಬ ಭಯ ಆ ಸಿಡುಕಿನ ಹಿಂದಿತ್ತು. ನನಗದು ಗೊತ್ತಾಗುತ್ತಿತ್ತು.

ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ ನನಗೆ. ಹಾಲು ಒಲೆಯ ಮೇಲಿಟ್ಟು ಅಂಗಡಿಗೆ ಬರುವೆ, ಅವರ ಮುಖ ನೋಡುವೆ, ಅಷ್ಟರಲ್ಲಿ ಅಲ್ಲಿ ಹಾಲು ಉಕ್ಕುವುದು. ಒಲೆ ಒರೆಸಿ ಮತ್ತೆ ಬರುವೆ. ಗೋಡೆಯ ತುಂಬ ಇರುವ ಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತ ನನ್ನ ತಲೆ ತಿನ್ನುತ್ತಿದ್ದವು. ಕೊನೆಗೆ ಹಿತ್ತಲಿಗೆ ಹೋಗಿ ನಾದಿನಿಗೆ ಫೋನ್ ಮಾಡಿದೆ. ಇವರ ತಂಗಿ ಅವಳು, ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಮಾತು.

"ಅತ್ತಿಗೆ, ಮೂಗಿನ ತುದಿ ನೋಡಿದ್ರಾ?"

ಕಾಫಿ ಕೊಡುವ ನೆಪದಲ್ಲಿ ಒಳಗೆ ಹೋಗಿ ನೋಡಿದೆ. ಮೂಗಿನ ತುದಿಯಲ್ಲಿ, ಬಲಗಡೆಗೆ, ಒಂದು ಪುಟ್ಟ ಗುಳ್ಳೆ ಇತ್ತು. ಕಣ್ಣೂ ಕೆಂಪಗಾಗತೊಡಗಿತ್ತು. ಅದನ್ನು ಹೇಳಿದ್ದೇ ತಡ, ನಾದಿನಿ ಡ್ಯೂಟಿಯ ಬಟ್ಟೆಯಲ್ಲೇ ಬಂದುಬಿಟ್ಟಳು.

ತಂಗಿಯನ್ನು ನೋಡಿದ ಕೂಡಲೇ ಯಜಮಾನರು ನನ್ನತ್ತ ಕಣ್ಣು ಬಿಟ್ಟರು. ತಂತಿ ಉಜ್ಜಿದ ಕಥೆಯನ್ನೇ ಅವಳಿಗೂ ಹೇಳಿದರು. ಅವಳು ವಾದ ಮಾಡಲಿಲ್ಲ. ಭೂತಗನ್ನಡಿಯನ್ನು ತೆಗೆದು ಅವರ ಕೈಗಿಟ್ಟಳು.

"ಹಾಕ್ಕೋ ಅಣ್ಣ. ಇದು ನಿನ್ನ ಮೂಗಿನ ತುದಿಗೆ ತಾಗುತ್ತಾ?"

ಅವರು ಹಾಕಿಕೊಂಡು ಬೆರಳಿನಿಂದ ಮುಟ್ಟಿ ನೋಡಿದರು. ತಾಗುತ್ತಿರಲಿಲ್ಲ.

"ವಾಚಿನ ಮುಳ್ಳು ನಿಂತ್ರೆ ನೀನು ಬರೀ ಮುಳ್ಳನ್ನ ರಿಪೇರಿ ಮಾಡ್ತೀಯಾ? ಮುಚ್ಚಳ ತೆಗೆದು ಒಳಗೆ ನೋಡ್ತೀಯಲ್ವಾ? ಇದೂ ಹಾಗೇನೇ. ತೊಂದರೆ ಇರೋದು ಒಳಗಿನ ನರದಲ್ಲಿ. ಇದು ಸರ್ಪಸುತ್ತು. ಹರ್ಪಿಸ್ ಅನ್ನೋ ವೈರಸ್ ಕುಟುಂಬದ್ದು."

ಹರ್ಪಿಸ್ ಅಂದರೆ ಕೆಟ್ಟ ಸಹವಾಸದಿಂದ ಬರುವ ಗುಪ್ತರೋಗ ಎಂದೇ ತಿಳಿದಿದ್ದ ಇವರಿಗೆ ಆ ಹೆಸರು ಕೇಳಿ ರೋಷ ಬಂತು. "ನನ್ನನ್ನ ಏನಂತ ತಿಳ್ಕೊಂಡಿದ್ದೀಯ ನೀನು?" ಎಂದು ತಂಗಿಯನ್ನು ಕೇಳಿ, ಓರೆಗಣ್ಣಿನಿಂದ ನನ್ನನ್ನು ನೋಡಿದರು. ಅಷ್ಟು ಆತಂಕದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ನಾದಿನಿಯೂ ನಕ್ಕಳು. ಆ ಕುಟುಂಬ ದೊಡ್ಡದಂತೆ. ತುಟಿಯಲ್ಲಿ ಹುಣ್ಣು ಮಾಡುವುದು ಒಂದಾದರೆ ಚಿಕನ್‌ಪಾಕ್ಸ್ ತರುವುದು ಇನ್ನೊಂದು. ಚಿಕ್ಕವರಿದ್ದಾಗ ಅಣ್ಣ ತಂಗಿ ಇಬ್ಬರಿಗೂ ಬಂದಿದ್ದ ಚಿಕನ್‌ಪಾಕ್ಸ್‌ನ ವೈರಸ್ಸೇ ಈಗ ಎದ್ದಿರುವುದು.

ಅದು ವಾಸಿಯಾಗಿ ಎಷ್ಟು ಕಾಲವಾಯಿತು ಎಂದರು ಇವರು. ಚರ್ಮ ವಾಸಿಯಾಯಿತು, ವೈರಸ್ ಹೋಗಲಿಲ್ಲ ಎಂದಳು ಅವಳು. ವೈರಸ್ ಎಂದರೆ ಬಹಳವೇನಿಲ್ಲ, ಒಂದು ಚಿಪ್ಪು, ಅದರೊಳಗೆ ತನ್ನಂಥದ್ದನ್ನೇ ಮಾಡುವ ವಿಧಾನ ಅಡಗಿರುವ ಡಿಎನ್ಎ ಎಳೆ. ಅದು ನರದ ಗುಂಟ ಬುಡದವರೆಗೆ ಹೋಗಿ, ಚಿಪ್ಪು ಕಳಚಿ, ಎಳೆಯ ಎರಡು ತುದಿ ಕೂಡಿಸಿ ಉಂಗುರವಾಗಿ ನರಕೋಶದೊಳಗೆ ಸದ್ದಿಲ್ಲದೆ ಮಲಗಿಬಿಡುತ್ತದೆ. ದೇಹದ ಕಾವಲು ಗಟ್ಟಿಯಾಗಿರುವವರೆಗೆ ತಲೆ ಎತ್ತುವುದಿಲ್ಲ. ವಯಸ್ಸಾಗಿಯೋ ಬೇರೆ ಕಾಯಿಲೆಯಿಂದಲೋ ಕಾವಲು ಸಡಿಲವಾದಾಗ ಎದ್ದು, ತನ್ನ ನಕಲುಗಳನ್ನು ಮಾಡುತ್ತ, ಅದೇ ನರದ ದಾರಿಯಲ್ಲಿ ಚರ್ಮಕ್ಕೆ ಬರುತ್ತದೆ. ಅದಕ್ಕೇ ಗುಳ್ಳೆ ಒಂದೇ ಮಗ್ಗುಲಿಗೆ.

"ಮೂಗಿನ ತುದಿಗೂ ಕಣ್ಣಿನೊಳಕ್ಕೂ ಹೋಗೋದು ನರದ ಒಂದೇ ಕೊಂಬೆ ಅಣ್ಣ," ಎಂದಳು. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ. "ಮೂಗಿಗೆ ಬಂದಿದೆ ಅಂದ್ರೆ ಕಣ್ಣಿಗೂ ಹೊರಟಿರಬಹುದು."

ಯಜಮಾನರ ಕೈ ತಾನಾಗಿ ಬಲಗಣ್ಣಿಗೆ ಹೋಯಿತು. ನಾದಿನಿ ಆ ಕೈ ಹಿಡಿದು ಕೆಳಗಿಳಿಸಿದಳು. ಔಷಧಿ ತಾನೇ ಏನು ಮಾಡೀತು ಎಂದು ಇವರು ಮೆಲ್ಲಗೆ ಕೇಳಿದರು.

ನಕಲು ಮಾಡುವಾಗ ವೈರಸ್ ತನ್ನ ಎಳೆಯ ಬಿಡಿಭಾಗಗಳನ್ನು ಒಂದಕ್ಕೊಂದು ಜೋಡಿಸಬೇಕು ಎಂದಳು ನಾದಿನಿ. ಔಷಧಿ ಅಂಥದೇ ಒಂದು ಬಿಡಿಭಾಗದ ಸೋಗು ಹಾಕಿರುತ್ತದೆ. ಅದನ್ನು ಚುರುಕು ಮಾಡುವುದೂ ವೈರಸ್ಸಿನದೇ ಹತಾರ, ಹಾಗಾಗಿ ಅದರ ಏಟು ಹೆಚ್ಚಾಗಿ ವೈರಸ್ಸಿಗೇ ಬೀಳುತ್ತದೆ. ಈ ಸೋಗಿನ ಭಾಗ ಜೋಡಣೆಯಲ್ಲಿ ಒಮ್ಮೆ ಸೇರಿತೆಂದರೆ ಮುಂದಿನದು ಅದಕ್ಕೆ ಕಚ್ಚಿಕೊಳ್ಳುವುದಿಲ್ಲ.

"ಹಲ್ಲಿಲ್ಲದ ಚಕ್ರ ಕೂರಿಸಿದ ಹಾಗೆ," ಎಂದರು ಯಜಮಾನರು.

"ಹೌದು. ಆದ್ರೆ ಮಲಗಿರೋದನ್ನ ಅದು ಏನೂ ಮಾಡಲ್ಲ. ನಕಲು ಮಾಡ್ತಾ ಇರೋವಾಗ್ಲೇ ನಿಲ್ಲಿಸಬೇಕು. ಗುಳ್ಳೆ ಎದ್ದು ಮೂರು ದಿನದೊಳಗೆ ಶುರು ಮಾಡಿದ್ರೆ ಒಳ್ಳೇದು."

ಅವರು ಎದ್ದು ಅಂಗಿ ಹಾಕಿಕೊಂಡರು. ಬಿಚ್ಚಿಟ್ಟ ವಾಚಿನ ಮೇಲೆ ಗಾಜಿನ ಮುಚ್ಚಳ ಇಡುವುದನ್ನೂ ಮರೆತರು.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಬಣ್ಣದ ಹನಿ ಹಾಕಿ, ನೀಲಿ ಬೆಳಕು ಬಿಟ್ಟು ನೋಡಿದರು. ಕರಿಗುಡ್ಡೆಯ ಮೇಲಿನ ತಿಳಿಪೊರೆಯಲ್ಲಿ ಕೂದಲೆಳೆಯಂಥ ಗೀರುಗಳು ಶುರುವಾಗಿದ್ದವು, ಆಳಕ್ಕೆ ಇಳಿದಿರಲಿಲ್ಲ. ಮಾತ್ರೆ, ಹನಿ ಬರೆದುಕೊಟ್ಟರು. ನಾನು ಉಸಿರು ಬಿಟ್ಟು ಹೊರಗಿನ ಬೆಂಚಿಗೆ ಬಂದೆ. ಪಕ್ಕದಲ್ಲಿ ಒಬ್ಬ ಬಸ್ ಡ್ರೈವರ್ ಕುಳಿತಿದ್ದರು. ಅವರಿಗೂ ಇದೇ ಕಾಯಿಲೆಯಂತೆ. ಹುಳ ಕಚ್ಚಿದೆ ಎಂದುಕೊಂಡು ವಾರಗಟ್ಟಲೆ ಸುಮ್ಮನಿದ್ದರಂತೆ. ಬೇರೊಬ್ಬ ನರ್ಸ್ ಬಂದು ಅವರ ಚೆನ್ನಾಗಿದ್ದ ಕಣ್ಣನ್ನು ಮುಚ್ಚಿ, ಎದುರಿಗೆ ಬೆರಳು ಹಿಡಿದು, ಎಷ್ಟು ಎಂದು ಕೇಳಿದಳು.

"ಎಲ್ಲಿ ಹಿಡಿದಿದ್ದೀರಮ್ಮ?" ಎಂದರು ಅವರು.

ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಹತ್ತಿರ ಬಂದು ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡರು. ಅವರ ಕಣ್ಣು ಉಳಿಯಿತು. ಹಣೆಗೆ ಗಾಳಿ ತಾಗಿದರೆ ಈಗಲೂ ಒಮ್ಮೊಮ್ಮೆ ಉರಿಯುತ್ತದೆ, ನರ ಸುಧಾರಿಸಲು ಸಮಯ ಬೇಕಂತೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದನ್ನು ಓದಿ ಮಡಚಿಡುವ ಮುಂಚೆ ನನ್ನ ಮಾತು ಕೇಳಿ. ಮೈಯ ಒಂದೇ ಮಗ್ಗುಲಿಗೆ ಉರಿ ಬಂದು ಗುಳ್ಳೆ ಎದ್ದರೆ ಎಣ್ಣೆ ಸವರಿ ಕೂರಬೇಡಿ. ಹಣೆಗೋ ಮೂಗಿಗೋ ಬಂದರೆ ನೇರ ಕಣ್ಣಿನ ಡಾಕ್ಟರ ಹತ್ತಿರ ಓಡಿ. ಮೂರು ದಿನ ದಾಟಿದ್ದರೂ ಹೋಗಿ. ಗುಳ್ಳೆಯನ್ನು ಮುಚ್ಚಿಡಿ, ಕೈ ತೊಳೆಯಿರಿ, ಅದು ಆರುವವರೆಗೆ ಹಸುಗೂಸುಗಳಿಂದ, ಬಸುರಿಯರಿಂದ ದೂರವಿರಿ. ಐವತ್ತು ದಾಟಿದವರು ಇದಕ್ಕೆ ಲಸಿಕೆ ಇದೆಯೇ, ನನಗೆ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ಏನಾಗಲ್ಲ ಬಿಡು, ನಾಳೆ ನೋಡೋಣ ಅನ್ನುವವರು ನಿಮ್ಮ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರು ಒಪ್ಪಲಿ ಎಂದು ಕಾಯಬೇಡಿ. ಅವರಿಗೆ ನಿಮ್ಮ ಮುಖ ಕಾಣುತ್ತಿರುವಾಗಲೇ ಕೈ ಹಿಡಿದು ಕರೆದುಕೊಂಡು ಹೋಗಿ.