ಮೊಂಡುಗಿವಿಯ ಕುರಿ

ಬಿಸಿಲು ಬಲಿಯುವ ಮೊದಲೇ ಕುರಿಗಳ ಉಣ್ಣೆ ಇಳಿಸಬೇಕು. ದೊಡ್ಡಿಯ ಮುಂದೆ ಬೆಳಗಿನಿಂದ ಕತ್ತರಿ ಕಚಕಚ ಅನ್ನುತ್ತಿತ್ತು. ಹೆಂಡತಿ ಕುರಿಯ ಕಾಲು ಒತ್ತಿ ಹಿಡಿಯುವುದು, ಗಂಡ ಹೊಟ್ಟೆಯಿಂದ ಬೆನ್ನಿಗೆ ಕತ್ತರಿ ಆಡಿಸುವುದು. ಮದುವೆಯಾದಾಗಿನಿಂದ ನಡೆದುಬಂದ ಕ್ರಮ. ಕತ್ತರಿಯ ತಾಳಕ್ಕೆ ಅವನ ಬಾಯಲ್ಲಿ ದೇವರ ಹೆಸರು. ಪ್ರಾರ್ಥನೆಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವನು, ಕೊನೆಗೆ ಕೂರುವವನು ಅವನೇ. ಊರು ಅವನನ್ನು ಹಿರೀಕ ಎನ್ನುತ್ತಿತ್ತು.

ಅವರ ಕುರಿಗಳು ಮನುಷ್ಯರ ನೆರಳು ಕಂಡರೆ ಓಡುವಂಥವು. ಇದೊಂದು ಮಾತ್ರ ತಾನಾಗಿ ಬಂದು ಅವಳ ಅಂಗೈಗೆ ಮೂತಿಯೊತ್ತಿ ನೆಕ್ಕತೊಡಗಿತು. ಯಾರೋ ಕೈತುತ್ತು ಹಾಕಿ ಬೆಳೆಸಿದ ಕುರಿ. ಬಲಗಿವಿಯಲ್ಲಿ ಇವರ ಮನೆಯ ಗುರುತಿನ ಸೀಳು ಇತ್ತು, ಆದರೆ ಅದರ ಅಂಚು ಇನ್ನೂ ಕೆಂಪಗಿತ್ತು. ಎಡಗಿವಿ ಅರ್ಧಕ್ಕೇ ಮೊಂಡು.

“ಏನ್ರಿ, ಇದರ ಕಿವಿಗೆ ಏನಾಯ್ತು?”

“ಮುಳ್ಳಿಗೆ ಸಿಕ್ಕಿ ಹರೀತು.”

“ಮುಳ್ಳಿಗೆ ಇಷ್ಟು ನೆಟ್ಟಗೆ ಹರಿಯೋಕೆ ಬರುತ್ತಾ?”

“ಕಾಲು ಹಿಡಿ ಅಂದ್ರೆ ಕಿವಿ ಹಿಡೀತೀಯಲ್ಲ. ನಾಳೆ ಪ್ರಾರ್ಥನೆಮನೆಗೆ ಒಪ್ಪಿಸೋ ಕುರಿ ಅದು. ನಾನೇನು ಕದ್ದು ತಂದಿದೀನಾ?”

ಕದ್ದ ಮಾತು ಅವಳು ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕಾಲು ಹಿಡಿದ ಕೈ ಹಿಡಿದೇ ಇತ್ತು, ಕಣ್ಣು ಮಾತ್ರ ಅವನ ಮುಖ ಬಿಡಲಿಲ್ಲ.

ಎಡಗಿವಿಯ ತುದಿಗೆ ಕಚ್ಚು ಹಾಕುವುದು ಕೆಳಬೀದಿಯ ಬುಟ್ಟಿಯಕ್ಕನ ಮನೆಯ ಗುರುತು. ಬುಟ್ಟಿ ಹೆಣೆದು ಬದುಕುವ ಆ ವಿಧವೆಗೆ ಇದ್ದದ್ದು ಒಂದೇ ಕುರಿ. ಅದು ಚಳಿಗಾಲದಲ್ಲಿ ಕಾಣೆಯಾಗಿತ್ತು. ಊರ ಮಂದೆ ಕಾಯುತ್ತಿದ್ದವನು ಅವಳ ತಮ್ಮ. ಒಡಹುಟ್ಟಿದವಳ ಕುರಿಯನ್ನೇ ಮಾರಿಕೊಂಡ ಎಂದು ತುಂಬಿದ ಸಭೆಯಲ್ಲಿ ಎದ್ದು ಹೇಳಿದವನು ಹಿರೀಕ. ಎಲ್ಲರೂ ಹೌದೆಂದು ತಲೆಯಾಡಿಸಿದ್ದರು, ಹಿರೀಕನ ಹೆಂಡತಿಯೂ ಸೇರಿ. ಅಂದಿನಿಂದ ಯಾರೂ ಆ ತಮ್ಮನ ಕೈಗೆ ಕುರಿ ಕೊಟ್ಟಿಲ್ಲ. ಈಗ ಕಲ್ಲುಗಣಿಯಲ್ಲಿ ಕಲ್ಲು ಒಡೆಯುತ್ತಿದ್ದಾನೆ.

ಮರುದಿನ ಹಿರೀಕ ಮಡಿಕೆ ಮುರಿಯದ ಅಂಗಿ ತೊಟ್ಟು ಹೊರಟ.

“ನಾನು ಮುಂದೆ ಹೋಗಿರ್ತೀನಿ, ನೀನು ಕುರಿ ಹಿಡ್ಕೊಂಡು ಬಾ. ಮೇಲ್ದಾರೀಲೇ ಬಾ, ಕೆಳಬೀದಿ ಕೆಸರಾಗಿದೆ.”

“ಈ ಬಿಸಿಲಲ್ಲಿ ಕೆಸರಾ?”

ಅವನು ಕೇಳಿಸಿಕೊಳ್ಳದವನಂತೆ ನಡೆದ.

ದಾರಿ ಕವಲಾಗುವಲ್ಲಿ ಅವಳು ನಿಂತಳು. ಗಂಡನ ಮಾತು ಸುಳ್ಳಾಗದಿರಲಿ ಎಂದು ದೇವರನ್ನು ಬೇಡಿಕೊಂಡಳು. ಬೇಡಿಕೊಂಡೇ ಹಗ್ಗ ಸಡಿಲ ಬಿಟ್ಟಳು. ಕುರಿ ಗಾಳಿ ಮೂಸಿತು. ಕೆಳಬೀದಿಗೆ ತಿರುಗಿ, ಅವಳನ್ನೇ ಎಳೆದುಕೊಂಡು, ಮೂರು ಮನೆ ದಾಟಿ, ಬುಟ್ಟಿಗಳನ್ನು ಪೇರಿಸಿದ್ದ ಹೊಸ್ತಿಲಲ್ಲಿ ಅರಚಿತು.

ಬುಟ್ಟಿಯಕ್ಕ ಕೈಯಲ್ಲಿದ್ದ ಬಿದಿರಸೀಳು ಕೆಳಗಿಟ್ಟಳು. ಕುರಿ ಅವಳ ಅಂಗೈ ಹುಡುಕಿಕೊಂಡು ಮೂತಿ ತೂರಿತು. ಅವಳು ಮೊಂಡುಗಿವಿಯನ್ನು ತುಂಬ ಹೊತ್ತು ಸವರಿದಳು.

“ಯಾರ ದೊಡ್ಡೀಲಿ ಇತ್ತು ತಂಗಿ?”

“ನಮ್ಮದ್ರಲ್ಲೇ ಅಕ್ಕ.”

“ಹೂಂ. ಕುರಿದೇನೋ ತೀರಿತು. ನನ್ನ ತಮ್ಮಂದು ಬಾಕಿ ಇದೆ.”

“ಅದಕ್ಕೇ ಹೊರಟಿದೀನಿ,” ಎಂದು ಅವಳು ಹಗ್ಗ ಬಿಚ್ಚಿಕೊಂಡಳು.

ಪ್ರಾರ್ಥನೆಮನೆ ತುಂಬಿತ್ತು. ಬಾಗಿಲಲ್ಲೇ ಕಾಯುತ್ತಿದ್ದ ಹಿರೀಕ ಬರಿಯ ಹಗ್ಗ ನೋಡಿದ.

“ಕುರಿ ಎಲ್ಲೇ?”

“ಅದರ ಮನೆ ಸೇರ್ತು, ಬುಟ್ಟಿಯಕ್ಕನ ಮನೆ. ದಾರಿ ನಾನು ತೋರಿಸಲಿಲ್ಲ, ಅದಕ್ಕೇ ಗೊತ್ತಿತ್ತು.”

ಸಾಲಿನ ತಲೆಗಳು ಒಂದೊಂದಾಗಿ ತಿರುಗಿದವು. ಹಿರೀಕ ದನಿ ತಗ್ಗಿಸಿದ. “ಮನೇಲಿ ಮಾತಾಡೋಣ. ಪ್ರಾರ್ಥನೆಗೆ ಹೊತ್ತಾಯ್ತು, ಕೂತ್ಕೋ.”

“ಮೊದಲು ಬುಟ್ಟಿಯಕ್ಕನ ತಮ್ಮನ್ನ ಕರೆಸಿ. ಅವತ್ತು ಎಲ್ಲರ ಮುಂದೆ ಎದ್ದು ಅಂದ್ರಲ್ಲ, ಹಾಗೇ ಎದ್ದು ಇವತ್ತೂ ಹೇಳಿ. ತಲೆಯಾಡಿಸಿದ ತಪ್ಪು ನಂದೂ ಇದೆ, ನಾನೂ ಹೇಳ್ತೀನಿ. ಆಮೇಲೆ ಕೂರ್ತೀನಿ.”

ಹಿರೀಕ ಮುಂದಕ್ಕೆ ಹೋಗಿ ನಿಂತು, ಕಣ್ಣು ಮುಚ್ಚಿ, ಎಂದಿನ ದನಿಯಲ್ಲಿ ದೇವರ ಹೆಸರೆತ್ತಿದ. ಯಾರೂ ದನಿಗೂಡಿಸಲಿಲ್ಲ. ಹಿಂದಿನ ಸಾಲಿನ ಮುದುಕನೊಬ್ಬ ಮೊಣಕಾಲು ಹಿಡಿದುಕೊಂಡು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಕಲ್ಲುಗಣಿಯ ದಾರಿ ಹಿಡಿದ.

ಅವಳು ಹಗ್ಗ ಸುತ್ತಿಕೊಳ್ಳುತ್ತ ಹೊಸ್ತಿಲಲ್ಲೇ ನಿಂತಿದ್ದಳು.