ಮಾತಿಲ್ಲದ ಹಗರಣ

ಹೋಳಿ ಹುಣ್ಣಿಮೆಯ ಮಧ್ಯಾಹ್ನ ಅಂಕೋಲೆಯ ಪೇಟೆಯಲ್ಲಿ ಹಗರಣ ಹೊರಡುತ್ತದೆ. ಸುತ್ತಲಿನ ಊರಿನವರು ಗಾಡಿಗಳ ಮೇಲೆ ವೇಷ ಕಟ್ಟಿ ನಿಂತು, ವರ್ಷವಿಡೀ ತಮ್ಮನ್ನು ಕಾಡಿದವರನ್ನು ಅಣಕಿಸುತ್ತ ಬೀದಿಯಲ್ಲಿ ಸಾಗುತ್ತಾರೆ. ಆ ಒಂದು ದಿನ ಅಣಕಕ್ಕೆ ಹೊರತಾದವರು ಯಾರೂ ಇಲ್ಲ. ಅಣಕಕ್ಕೆ ಗುರಿಯಾದವನು ಸಿಟ್ಟಾಗಕೂಡದು. ಬೀದಿಗೆ ಬಂದು ನೋಡಿ, ವೇಷಧಾರಿಯ ಕೈಗೆ ಒಂದು ತೆಂಗಿನಕಾಯಿ ಕೊಡಬೇಕು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಾಗ ನನ್ನ ವೇಷವೂ ಬಂದಿತ್ತು: ಆಳೆತ್ತರದ ಕೈವಾರ ಹಿಡಿದು ದಾರಿಹೋಕರ ಬೋಳುತಲೆಗಳ ವ್ಯಾಸ ಅಳೆಯುವ ಮಾಸ್ತರ. ನಾನೂ ಕಾಯಿ ಕೊಟ್ಟಿದ್ದೇನೆ.

ನಿವೃತ್ತಿಯ ನಂತರ ಕಾರವಾರದ ಕೇಬಲ್ ವಾಹಿನಿಯೊಂದರಲ್ಲಿ ಹಗರಣದ ವಿವರಣೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಂಕೋಲೆಯಿಂದ ಬರುವ ನೇರ ಚಿತ್ರವನ್ನು ಸ್ಟುಡಿಯೋದಲ್ಲಿ ಕೂತು ನೋಡುತ್ತ, ಇದು ಯಾವ ಊರಿನ ಗಾಡಿ, ಯಾರ ವೇಷ ಎಂದಷ್ಟೇ ಹೇಳುತ್ತಿದ್ದೆ. ಹೆಚ್ಚು ಹೇಳುವ ಅಗತ್ಯವಿರಲಿಲ್ಲ.

ಈ ವರ್ಷ ಹಬ್ಬದ ಹಿಂದಿನ ದಿನ ಕವಿತಾ ಸ್ಟುಡಿಯೋಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಅಂಕೋಲೆಯ ಹತ್ತಿರ, ಉಬ್ಬರದ ನೀರು ಏರಿಬರುವ ಗಜನಿ ಗದ್ದೆಗಳ ಊರಿನ ಹೆಣ್ಣುಮಗಳು. ಗದ್ದೆಗೂ ಉಬ್ಬರಕ್ಕೂ ನಡುವೆ ಇರುವುದು ಒಂದು ಕಟ್ಟೆ ಮಾತ್ರ. ಶಾಸಕರ ಭಾವಮೈದುನ ಗುತ್ತಿಗೆ ಹಿಡಿದು ಕಟ್ಟಿಸಿದ ಹೊಸ ಕಟ್ಟೆ ಎರಡನೆಯ ಮಳೆಗಾಲಕ್ಕೇ ಒಡೆದು, ಗದ್ದೆಗೂ ಊರ ಬಾವಿಗಳಿಗೂ ಉಪ್ಪುನೀರು ಸೇರಿತ್ತು. ಬರುವ ಮಳೆಗಾಲದೊಳಗೆ ಒಡಕು ಮುಚ್ಚದಿದ್ದರೆ ಈ ವರ್ಷವೂ ಅವರಿಗೆ ಬೆಳೆಯಿಲ್ಲ, ಕುಡಿಯುವ ನೀರಿಲ್ಲ.

“ಅರ್ಜಿ ಕೊಟ್ಟು ಕೊಟ್ಟು ಸಾಕಾತು ಮಾಸ್ತರ್ರೇ,” ಎಂದಳು ಕವಿತಾ. “ಕಾರವಾರದ ದೊಡ್ಡ ಆಫೀಸಿನೋರು ಹಗರಣ ಟೀವೀಲಿ ನೋಡ್ತ್ರು ಹೇಳಿ ಕೇಳಿದ್ದೆ. ನಮ್ಮ ಗಾಡಿ ಬರೂವಾಗ ಕ್ಯಾಮರಾ ಆಚೆ ತಿರ್ಗಿಸೂದು ಬೇಡ. ಅಷ್ಟೇ ಕೇಳೂಕೆ ಬಂದದ್ದು.”

“ವೇಷ ಯಾರದು?”

“ನಮ್ಮ ತಿಮ್ಮು ಶಾಸಕ. ಬಿಳಿ ಅಂಗಿ ಹೊಲಿಸ್ಕಂಡು ಮನೆ ಒಳಗೂ ಕೈ ಮುಗ್ಕಂಡೇ ತಿರುಗ್ತಾ ಇದ್ದ. ಅವ್ನ ಹೆಂಡ್ತಿ ನಿನ್ನೆ, ನಿಂಗೆ ನಾ ಓಟು ಹಾಕೂದಿಲ್ಲ ಮಾರಾಯಾ, ಅನ್ನ ಬೇಕಾರೆ ಹಾಕ್ತೆ ಅಂದ್ಲು.”

ಅವಳು ಹೋದ ಮೇಲೆ, ಆ ವೇಷದ ಸುದ್ದಿ ತಿಳಿದು, ಅಮೃತ್ ಬಂದ. ಶಾಸಕರ ಎಲ್ಲ ಕೆಲಸಗಳನ್ನೂ ನೋಡಿಕೊಳ್ಳುವ, ಧಾರವಾಡದ ಕಡೆಯ ಮನುಷ್ಯ. ವಾಹಿನಿಯನ್ನು ಕಳೆದ ಚಳಿಗಾಲದಲ್ಲಷ್ಟೇ ಕೊಂಡಿದ್ದ ಶಿರಸಿಯ ಮಧುಕೇಶ್ವರ ಅವನಿಗೆ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಇಬ್ಬರೂ ಹಗರಣವನ್ನು ಒಮ್ಮೆಯೂ ಕಂಡವರಲ್ಲ.

ಅಮೃತ್ ಗದರಿಸಲಿಲ್ಲ. ಚಹಾ ಕುಡಿದ. “ತೋರಸ್ರೀ ಸಾಹೇಬ್ರ, ಹಬ್ಬ ಐತಿ, ನಮ್ದೇನ್ ತಕರಾರಿಲ್ಲ. ಮಾತಷ್ಟ ಬ್ಯಾಡ. ಮಾತಿಂದನ ಜನಕ್ಕ ತಪ್ಪು ತಿಳುವಳಿಕಿ ಆಗೂದು.” ಆಮೇಲೆ ಕಿಟಕಿಯಾಚೆಯ ವಿದ್ಯುತ್ ಕಂಬವನ್ನು ಪ್ರೀತಿಯಿಂದ ನೋಡಿದ. “ನಿಮ್ಮ ಕೇಬಲ್ಲೆಲ್ಲಾ ಇವ ಕಂಬದ ಮ್ಯಾಲ ಹೋಗ್ತಾವಲ್ರೀ? ಪರವಾನಗಿ ಈ ತಿಂಗಳ ಮುಗೀತೈತಂತ?”

ಮಧುಕೇಶ್ವರ ನಕ್ಕ. ಹೆದರಿದವನು ನಗುವಾಗ ಮುಖದ ಕೆಳಗಿನ ಅರ್ಧ ಮಾತ್ರ ನಗುತ್ತದೆ. ನನ್ನ ಕಡೆ ತಿರುಗಿ, “ಮಾಸ್ತರ್ರೇ, ಆ ಊರಿನ ಗಾಡಿ ಬಂದಾಗ ನೀವು ಸುಮ್ಮನಿದ್ದುಬಿಡಿ. ಬೀದಿಯ ಸದ್ದನ್ನೂ ತೆಗೆದು ಶಹನಾಯಿ ಹಾಕ್ತೇವೆ. ಯಾರಿಗೂ ನೋವಾಗೋದಿಲ್ಲ,” ಎಂದ.

ಹಗರಣದಲ್ಲಿ ವೇಷಧಾರಿ ಬಾಯಿ ತೆರೆಯುವುದಿಲ್ಲ. ತೆರೆದರೆ ಊರಿಗೇ ಅವಮಾನ. ಮಾತಿಲ್ಲದೆ ತಿಳಿಸಲಾರದವನು ವೇಷ ಕಟ್ಟಬಾರದು ಎಂಬುದು ಇಲ್ಲಿಯ ಕಟ್ಟಳೆ. ಮಾತಿನಿಂದಲೇ ಬದುಕುವ ಈ ಇಬ್ಬರಿಗೆ, ಮಾತು ಕಳೆದರೆ ಉಳಿಯುವುದು ಸೊನ್ನೆ ಎಂಬ ಲೆಕ್ಕವಿತ್ತು. ಆ ಲೆಕ್ಕ ತಿದ್ದಲು ಅವರು ನನ್ನನ್ನು ಕೇಳಿರಲಿಲ್ಲ.

“ಆಗಲಿ,” ಎಂದೆ.

ಮರುದಿನ ಕವಿತಾಳ ಊರಿನ ಗಾಡಿ ಪೇಟೆಯ ತಿರುವಿಗೆ ಬಂದಾಗ ನಾನು ಮೈಕಿನಿಂದ ಹಿಂದೆ ಸರಿದು ಕೂತೆ. ಶಹನಾಯಿ ಶುರುವಾಯಿತು. ಪರದೆಯ ಮೇಲೆ ಬಿಳಿ ಅಂಗಿಯ ತಿಮ್ಮು, ಕೈಯಲ್ಲಿ ಕತ್ತರಿ. ಎದುರಿಗೆ ಕೆಂಪು ಟೇಪು, ಬೆನ್ನ ಹಿಂದೆ ಮಣ್ಣಿನ ಪುಟ್ಟ ಕಟ್ಟೆ. ಅವನು ಟೇಪು ಕತ್ತರಿಸಿ ಕೈಮುಗಿದ ಕೂಡಲೇ ಹಿಂದಿನ ಕಟ್ಟೆ ಕುಸಿದು ನೀರು ಹರಿಯುತ್ತಿತ್ತು. ಹೆಂಗಸರು ಓಡಿಬಂದು ಕಟ್ಟೆ ಮೆತ್ತುತ್ತಿದ್ದರು. ಅವನು ಹೊಸ ಟೇಪು ಕಟ್ಟಿಸಿ ಮತ್ತೆ ಕತ್ತರಿಸುತ್ತಿದ್ದ. ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಮಂಗಳವಾದ್ಯವೊಂದು ಕಡಿಮೆಯಿತ್ತು, ಅದನ್ನು ವಾಹಿನಿಯವರೇ ಒದಗಿಸಿದ್ದರು.

ಗಾಡಿಯ ಹಿಂದೆ ಕವಿತಾ ತಮ್ಮ ಬಾವಿಯ ನೀರನ್ನು ಲೋಟಗಳಲ್ಲಿ ತುಂಬಿ ಜನರಿಗೆ ಹಂಚುತ್ತಿದ್ದಳು. ಕುಡಿದವರೆಲ್ಲ ಉಗುಳಿ ನಗುತ್ತಿದ್ದರು. ಮುಂದಿನ ಸಾಲಿನಲ್ಲಿ, ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ನಿಂತಿದ್ದ ಅಮೃತ್‌ಗೂ ಒಂದು ಲೋಟ ನೀಡಿದಳು. ಅಷ್ಟು ಜನರೆದುರು ಬೇಡವೆನ್ನಲಾಗದೆ ಅವನು ಒಂದೇ ಗುಟುಕಿಗೆ ಬಾಯಿ ತುಂಬಿಕೊಂಡ. ನುಂಗಲಾಗಲಿಲ್ಲ, ಉಗುಳಲೂ ಧೈರ್ಯವಿಲ್ಲ. ಕ್ಯಾಮರಾ ಹಿಡಿದಿದ್ದ ನಮಿತಾ ಅವನ ಉಬ್ಬಿದ ಕೆನ್ನೆಗಳಿಂದ ಕ್ಯಾಮರಾ ಕದಲಿಸಲಿಲ್ಲ. ಕಡೆಗೆ ಅವನು ತನ್ನ ಅಂಗಿಯ ಮೇಲೆಯೇ ಉಗುಳಿಕೊಂಡ.

ಮಧುಕೇಶ್ವರ ಓಡಿಬಂದ. “ತೆಗೀರಿ! ತೆಗೀರಿ!” ಪರದೆಯ ಮೇಲೆ ‘ತಾಂತ್ರಿಕ ಅಡಚಣೆ’ ಎಂಬ ಅಕ್ಷರಗಳು ಬಂದವು, ಅದರ ಹಿಂದೆಯೇ ಹೋದ ವರ್ಷದ ಹಗರಣ.

ಆದರೂ ಕಾಣಬೇಕಾದವರು ಕಂಡಿದ್ದರು. ಮರುದಿನ ಬೆಳಿಗ್ಗೆ ಕವಿತಾ ಫೋನು ಮಾಡಿದಳು. “ಮಾಸ್ತರ್ರೇ, ದೊಡ್ಡ ಆಫೀಸಿಂದ ಫೋನ್ ಬಂದಿತ್ತು! ಗುರುವಾರ ಇಂಜಿನಿಯರು ಕಟ್ಟೆ ನೋಡೂಕೆ ಬತ್ರಂತೆ. ತಿಮ್ಮು ಇನ್ನೂ ಅಂಗಿ ತೆಗೀಲಿಲ್ಲ!”

ಅದೇ ಮಧ್ಯಾಹ್ನ ವಾಹಿನಿಯವರು ನನ್ನನ್ನು ಕರೆಸಿದರು. ಅಮೃತ್ ಬೇರೆ ಅಂಗಿ ತೊಟ್ಟು ಅದೇ ಕುರ್ಚಿಯಲ್ಲಿದ್ದ. ಸಂಜೆಯ ಬುಲೆಟಿನ್‌ನಲ್ಲಿ ಓದಲು ಮಧುಕೇಶ್ವರ ನನ್ನ ಮುಂದೆ ಒಂದು ಹಾಳೆ ಇಟ್ಟ. ಅದರಲ್ಲಿದ್ದುದು ಇಷ್ಟು: ಆ ಊರಿನ ಬಾವಿಗಳ ನೀರು ಸಿಹಿಯಾಗಿದೆ. ಕಿಡಿಗೇಡಿಗಳು ಉಪ್ಪು ಬೆರೆಸಿ ಹಂಚಿದ್ದಾರೆ. ಪರಿಶೀಲಿಸದೆ ತೋರಿಸಿದ್ದಕ್ಕೆ ವಾಹಿನಿ ವಿಷಾದಿಸುತ್ತದೆ.

“ಅಂಕೋಲೆಯವರು ನಿಮ್ಮ ಧ್ವನಿ ನಂಬ್ತಾರೆ ಮಾಸ್ತರ್ರೇ. ನೀವು ಓದಿದ್ರೆ ಮುಗೀತು.”

“ನೀರು ಸಿಹಿ ಎಂದು ನೋಡಿದವರು ಯಾರು?”

“ಅದು… ಮೇಲಿನವರ ಅಭಿಪ್ರಾಯ.”

ನೀರಿನ ರುಚಿಯ ಬಗ್ಗೆ ಅಭಿಪ್ರಾಯ ಇಟ್ಟುಕೊಂಡವರನ್ನು ನಾನು ಮೊದಲ ಬಾರಿ ಕಂಡೆ. ಹೊರಗೆ ಬಂದು ಕವಿತಾಗೆ ಫೋನು ಮಾಡಿ ಹಾಳೆಯಲ್ಲಿದ್ದುದನ್ನು ತಿಳಿಸಿದೆ.

ಬುಲೆಟಿನ್‌ಗೆ ಮೊದಲು ಅವಳು ಬಂದಳು. ಬಸ್ಸಿನಲ್ಲಿ ತಂದ ಹಿತ್ತಾಳೆಯ ಕೊಡ, ಬಾಯಿಗೆ ಬಾಳೆಎಲೆ ಕಟ್ಟಿದ್ದು. ಅದನ್ನು ವಾರ್ತೆ ಓದುವ ಮೇಜಿನ ಮೇಲೆಯೇ ಇಟ್ಟಳು.

“ಓದೂರು ಯಾರು? ಮೊದ್ಲು ಇದನ್ನ ಕುಡ್ದು ಆಮೇಲೆ ಓದ್ಲಿ. ಸೀ ಇದ್ರೆ ನಾ ಇಲ್ಲೇ ತಪ್ಪಾತು ಹೇಳಿ ಕಾಲಿಗೆ ಬೀಳ್ತೆ.”

ಅಮೃತ್ ಕೊಡದಿಂದ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

“ನಾನು ಓದುವುದಿಲ್ಲ,” ಎಂದೆ. “ನಮಿತಾ, ನೀನು?”

ನಮಿತಾ ಒಲ್ಲೆನೆಂದು ತಲೆಯಾಡಿಸಿದಳು. “ನಾ ಕ್ಯಾಮರಾ ಹಿಡಿಯೂದು ಮಾತ್ರ ಸರ್. ಕಂಡದ್ದು ಹಿಡೀತೆ.”

ಮಧುಕೇಶ್ವರ ಒಬ್ಬೊಬ್ಬರನ್ನೇ ನೋಡಿದ. ಕಿಟಕಿಯಾಚೆಯ ಕಂಬವನ್ನೂ ನೋಡಿದ. ಆಮೇಲೆ ತಾನೇ ಹೋಗಿ ದೀಪಗಳ ಕೆಳಗೆ ಕೂತ. ಕೊಡವನ್ನು ಎರಡೂ ಕೈಯಿಂದ, ಚೆಲ್ಲದಂತೆ, ಮೇಜಿನಿಂದ ಕೆಳಗಿಳಿಸಿದ. ಸೀಲು ಮಾಡಿದ ಬಾಟಲಿಯೊಂದನ್ನು ತರಿಸಿ, ಮುಚ್ಚಳ ಮುರಿದು, ಅರ್ಧ ಕುಡಿದ. ತುಟಿ ಒರೆಸಿಕೊಂಡು, ಆ ಊರಿನ ಬಾವಿಗಳ ನೀರು ಸಿಹಿಯಾಗಿದೆ ಎಂದು ಕನ್ನಡ ನಾಡಿನ ಸಮಸ್ತ ವೀಕ್ಷಕರಿಗೆ ಸ್ಪಷ್ಟವಾಗಿ ಓದಿ ಹೇಳಿದ. ವಾಹಿನಿ ಕಾಣುವುದು ಎರಡು ತಾಲೂಕುಗಳಲ್ಲಿ ಮಾತ್ರ.

ಕವಿತಾ ಕಡೆಯವರೆಗೂ ನಿಂತು ಕೇಳಿದಳು. “ಹಗರಣದಲ್ಲಿ ನಮ್ಮ ತಿಮ್ಮು ಇಷ್ಟು ಚಂದ ಮಾಡ್ಲಿಲ್ಲ,” ಎಂದು ಅವನಿಗೆ ಹೇಳಿದಳು. “ಕಾಯಿ ತರ್ಲಿಲ್ಲ ಒಡ್ಯಾ, ಕೊಡ ಇಟ್ಕಳಿ.”

ಕೊಡವನ್ನು ಅಲ್ಲಿಯೇ ಬಿಟ್ಟು ಹೋದಳು.

ಗುರುವಾರ ಆ ಊರಿನವರು ಕಟ್ಟೆಯ ಮೇಲೆ ಬಿಸಿಲಲ್ಲಿ ಕಾದರು. ಜೀಪು ಬರಲಿಲ್ಲ. ಸಂಜೆ ಕವಿತಾ ದೊಡ್ಡ ಆಫೀಸಿಗೆ ಫೋನು ಮಾಡಿ ಕೇಳಿದಾಗ, ವಾಹಿನಿಯವರೇ ಸುಳ್ಳೆಂದು ಒಪ್ಪಿಕೊಂಡ ಮೇಲೆ ನೋಡುವುದೇನಿದೆ ಎಂಬ ಉತ್ತರ ಬಂತಂತೆ. ಹಲವರ ಮೊಬೈಲಿನಲ್ಲಿ ಹಗರಣದ ಚಿತ್ರವಿತ್ತು. ಅದನ್ನು ಯಾರು ಬೇಕಾದರೂ ತಿದ್ದಬಹುದಂತೆ.

ಕಂಬದ ಪರವಾನಗಿ ಮಾತ್ರ ಅದೇ ವಾರ ನವೀಕರಣವಾಯಿತು. ನನ್ನ ಕನ್ನಡಕದ ಪೆಟ್ಟಿಗೆ ತರಲು ಕೊನೆಯ ಬಾರಿ ಸ್ಟುಡಿಯೋಗೆ ಹೋದಾಗ ಕೊಡ ಮೇಜಿನ ಕೆಳಗೆ ಹಾಗೆಯೇ ಇತ್ತು. ಬಾಳೆಎಲೆ ಕೊಳೆತು, ನೀರು ನಾರುತ್ತಿತ್ತು. ಅದನ್ನು ಎತ್ತಿ ಹೊರಗೆ ಚೆಲ್ಲುವ ಧೈರ್ಯವೂ ಅಲ್ಲಿ ಯಾರಿಗೂ ಇರಲಿಲ್ಲ.

ನಾನು ಚೆಲ್ಲಿದೆ. ಖಾಲಿ ಕೊಡ ಹಿಡಿದು ಅಂಕೋಲೆಯ ಬಸ್ಸು ಹತ್ತಿದೆ. ಮಳೆಗಾಲ ದೂರವಿರಲಿಲ್ಲ, ಕಟ್ಟೆಯ ಒಡಕು ಹಾಗೆಯೇ ಇತ್ತು; ಹೊರಗಿನಿಂದ ಕುಡಿಯುವ ನೀರು ಹೊತ್ತು ತರಲು ಅವಳ ಮನೆಯಲ್ಲಿ ಕೊಡಗಳು ಬೇಕಾಗಿದ್ದವು.