ಮೂಳೆ ಆಯುವ ಹೊತ್ತು

ತೀರಿಹೋದ ಗೆಳತಿ ಚಿಹಾರುವಿನ ಬಗ್ಗೆ ಒಳಗೆ ಫುಟ್‌ಬಾಲ್ ತಂಡದ ಕ್ಯಾಪ್ಟನ್ ನಾಲ್ಕು ಮಾತಾಡುತ್ತಿರುವಾಗಲೇ ನಿರುಪಮಾ ಎದ್ದು ಹೊರಗೆ ಓಡಿದಳು. ಚಿತಾಗಾರದ ಹಿಂಬಾಗಿಲು ಎಲ್ಲಿದೆಯೋ ಗೊತ್ತಿಲ್ಲ. ಸಾಲದ್ದಕ್ಕೆ ಸೀರೆ ಬೇರೆ. ಇಂಗ್ಲೆಂಡಿನ ಈ ಶೆಫೀಲ್ಡಿನ ಫೆಬ್ರವರಿ ಚಳಿಯಲ್ಲಿ ಸೀರೆ ಉಡು ಅಂತ ಯಾರೂ ಹೇಳಿರಲಿಲ್ಲ. ತಾನೇ ಉಟ್ಟು ಬಂದು ಈಗ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ವಿಷಯ ಇಷ್ಟೇ. ಬರುವಾಗ ಕಾರಿನಲ್ಲಿ ಜಪಾನಿನಿಂದ ಬಂದಿದ್ದ ಚಿಹಾರುವಿನ ತಾಯಿ ಫುಸಾಯೆ ಚೀಲದಿಂದ, ಅವರ ಊಟದ ಕಡ್ಡಿಗಳಂಥವೇ ಎರಡು ಜೊತೆ ಉದ್ದನೆಯ ಕಡ್ಡಿಗಳನ್ನು ತೆಗೆದು, ಚೂರುಪಾರು ಇಂಗ್ಲಿಷಿನಲ್ಲಿ, "ಮೂಳೆ. ನಾವು ಸೇರಿ ಎತ್ತಬೇಕು" ಅಂದಿದ್ದರು. ನಿರುಪಮಾಗೆ ಬಿಡಿಸಿ ಹೇಳಬೇಕಿರಲಿಲ್ಲ. ಮೈಸೂರಿನಲ್ಲಿ ಅಜ್ಜನ ಅಸ್ಥಿ ಆಯ್ದು ಮಡಕೆಯಲ್ಲಿ ತಂದದ್ದನ್ನು ಅವಳು ನೋಡಿದ್ದಳು. ಆದರೆ ಈ ದೇಶದಲ್ಲಿ ಸುಟ್ಟ ಮೂಳೆಯನ್ನು ಯಂತ್ರಕ್ಕೆ ಹಾಕಿ ರವೆಯ ಹಾಗೆ ಪುಡಿಮಾಡಿ ಕೊಡುತ್ತಾರೆ. ನಾಳೆ ಬೆಳಿಗ್ಗೆ ವಿಮಾನ ಹತ್ತುವ ತಾಯಿಗೆ ಅದನ್ನು ಹೇಳುವವರು ಯಾರು?

ಹಿಂಬಾಗಿಲಲ್ಲಿ ಕೀತ್ ಎಂಬ ಕೆಲಸದವನು ಸಿಗರೇಟು ಸೇದುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ನೋಡಮ್ಮಾ, ಹಾಗೆ ಕೊಡೋ ಪದ್ಧತಿ ನಮ್ಮಲ್ಲಿಲ್ಲ. ಮೇಲಿನವರನ್ನ ಕೇಳಬೇಕು. ಅವರು ಮೀಟಿಂಗಲ್ಲಿದ್ದಾರೆ."

"ಕೇಳಿ. ಅಲ್ಲಿವರೆಗೂ ಯಂತ್ರಕ್ಕೆ ಮಾತ್ರ ಹಾಕಬೇಡಿ."

ಅವನು ಸಿಗರೇಟು ಹೊಸಕಿ ಒಳಗೆ ಹೋದ.

*

ಚಿಹಾರು ಜಪಾನಿನ ಒಂದು ಬಟ್ಟೆ ಕಂಪನಿಯ ಫುಟ್‌ಬಾಲ್ ತಂಡದಲ್ಲಿ ಹಿಂದಿನ ಸಾಲಿನಲ್ಲಿ ಆಡುತ್ತಿದ್ದವಳು. ಬೆಳಿಗ್ಗೆ ಆಫೀಸಿನ ಕೆಲಸ, ಮಧ್ಯಾಹ್ನ ಆಟ. ತೊಂಬತ್ತೆಂಟರಲ್ಲಿ ಕಂಪನಿ ನಷ್ಟಕ್ಕೆ ಬಿದ್ದಾಗ ಮೊದಲು ಮುಚ್ಚಿದ್ದು ಹೆಂಗಸರ ತಂಡವನ್ನೇ. ಸಾಕು ಮನೆಗೆ ಬಾ ಎಂದರು ತಾಯಿ. ಅವಳು ಶೆಫೀಲ್ಡಿಗೆ ಬಂದಳು. ವಾರವಿಡೀ ಆಸ್ಪತ್ರೆಯ ಅಡುಗೆಮನೆ, ಭಾನುವಾರ ಆಟ. ನೋಡಲು ಬರುತ್ತಿದ್ದವರು ಆಟಗಾರ್ತಿಯರ ಗಂಡಂದಿರು, ಅವರ ನಾಯಿಗಳು.

ಬ್ರೂಮ್‌ಹಿಲ್‌ನ ಬಾಡಿಗೆ ಮನೆಯಲ್ಲಿ ನಿರುಪಮಾ ಅವಳ ಪಕ್ಕದ ಕೋಣೆಗೆ ಬಂದದ್ದು ಪಿಎಚ್‌ಡಿ ಮಾಡಲು. ಕಪಾಟಿನಿಂದ ಜಾರಿದ ಉಪ್ಪಿನಕಾಯಿ ಬಾಟಲಿಯನ್ನು ನಿರುಪಮಾ ಗಾಳಿಯಲ್ಲೇ ಹಿಡಿದದ್ದನ್ನು ಚಿಹಾರು ನೋಡಿಬಿಟ್ಟಳು.

"ಏನು ಆಡ್ತಿದ್ದೆ ನೀನು?"

"ಸ್ಕೂಲಲ್ಲಿ ಥ್ರೋಬಾಲ್."

"ಅದೇನೋ ಗೊತ್ತಿಲ್ಲ. ಭಾನುವಾರ ಬಾ, ನಮ್ಮ ತಂಡಕ್ಕೆ ಗೋಲ್‌ಕೀಪರ್ ಇಲ್ಲ."

ಮೊದಲ ಆಟದಲ್ಲಿ ಎಂಟು ಗೋಲು ಬಿಟ್ಟುಕೊಟ್ಟು ನಿರುಪಮಾ ಬಸ್ಸಿನಲ್ಲಿ ಅತ್ತಳು. ಚಿಹಾರು ಯೋಚಿಸಿ ಹೇಳಿದಳು: "ಮುಂದಿನ ವಾರ ಏಳು ಬಿಡೋಣ." ಪ್ರತಿ ವರ್ಷ ತಾಯಿಯನ್ನು ಆಟ ನೋಡಲು ಕರೆಯುತ್ತಿದ್ದಳು. ತಾಯಿ ಊರಿನ ಹವಾಮಾನ ಹೇಳಿ ಫೋನಿಡುತ್ತಿದ್ದರು. ಎರಡು ವಾರದ ಹಿಂದೆ ಅಭ್ಯಾಸದ ನಡುವೆ ಮಿದುಳಿನ ನರ ಒಡೆದು ಅವಳು ಹುಲ್ಲಿನ ಮೇಲೆ ಕೂತವಳು ಏಳಲಿಲ್ಲ. ತಾಯಿ ಬಂದದ್ದು ಆಮೇಲೆ.

*

"ಕೂತ್ಕೋ ನಿರು. ಎಷ್ಟು ಸಲ ಆ ಬಾಗಿಲಿಗೆ ಪ್ರದಕ್ಷಿಣೆ ಹಾಕ್ತೀಯಾ?" ಎಂದಳು ರಜನಿ. ಹುಬ್ಬಳ್ಳಿಯವಳು, ಮೂಳೆ ಡಾಕ್ಟರು. ತಂಡದವರ ಉಳುಕು ನೋವುಗಳೆಲ್ಲ ಅವಳ ಪಾಲಿಗೇ. ಉಳಿದವರು ಹೊರಟುಹೋಗಿದ್ದರು.

"ಹೆಂಗೆ ಕೂರಲಿ ಅಕ್ಕ? ನೋಡಿ, ಕಡ್ಡಿ ತೊಡೆ ಮೇಲಿಟ್ಕೊಂಡು ಕೂತಿದಾರೆ. ಕೈಗೆ ಪುಡಿ ಡಬ್ಬಿ ಕೊಟ್ಟು ಏನಂತ ಹೇಳಲಿ?"

"ಆಗದ್ದನ್ನೆಲ್ಲ ತಲೆಗೆ ಹಚ್ಕೋಬೇಡ."

ಆದರೆ ರಜನಿಯೂ ಅದೇ ಬಾಗಿಲು ನೋಡುತ್ತಿದ್ದಳು.

ಮಧ್ಯಾಹ್ನ ದಾಟಿದ ಮೇಲೆ ಕೀತ್ ತಗಡಿನ ತಟ್ಟೆ ಹಿಡಿದು ಬಂದ. "ಯಂತ್ರಕ್ಕೆ ಹಾಕಿಲ್ಲ. ಆದರೆ ಒಲೆಯಿಂದ ಎಳೆಯುವಾಗ ಎಲ್ಲ ಕಲಸಿಹೋಗುತ್ತೆ, ಅದಕ್ಕೆ ನಾನೇನೂ ಮಾಡೋಕಾಗಲ್ಲ."

ನಿರುಪಮಾಗೆ ಹೋದ ಜೀವ ಬಂದಂತಾಯಿತು. ಫುಸಾಯೆ ಬಾಗಿ ನಮಸ್ಕರಿಸಿ, ಅಸ್ಥಿ ತುಂಬಲು ತಂದಿದ್ದ ಭರಣಿಯ ಮುಚ್ಚಳ ತೆಗೆದರು. ಕಡ್ಡಿ ಹಿಡಿದು ತಟ್ಟೆಯ ಮೇಲೆ ಬಗ್ಗಿದವರು ಹಾಗೇ ನಿಂತುಬಿಟ್ಟರು.

"ಪಾದ ಮೊದಲು," ಎಂದರು. "ಪಾದದಿಂದ ತಲೆಗೆ. ಇಲ್ಲದಿದ್ದರೆ ಭರಣಿಯಲ್ಲಿ ಮಗು ತಲೆಕೆಳಗೆ."

ತಟ್ಟೆಯಲ್ಲಿ ಇದ್ದದ್ದೆಲ್ಲ ಬಿಳಿ ಚೂರು. ರಜನಿ ಕನ್ನಡಕ ಹಾಕಿಕೊಂಡು ಮೊಣಕಾಲೂರಿದಳು. ಹುಡುಕಿದಳು, ಬಿಟ್ಟಳು, ಮತ್ತೆ ಹುಡುಕಿದಳು. ಕೊನೆಗೆ ಒಂದು ದಪ್ಪ ಚೂರನ್ನು ತೋರಿಸಿದಳು. "ಇದು ಹಿಮ್ಮಡಿ."

ಫುಸಾಯೆ ನಿರುಪಮಾಳ ಕಡೆ ತಿರುಗಿದರು. "ಚಿಹಾರು ಚೆಂಡು ಒದೆಯುವುದು ಯಾವ ಕಾಲಲ್ಲಿ? ನನಗೆ ಗೊತ್ತಿಲ್ಲ."

"ಎಡಗಾಲು," ಎಂದಳು.

"ಇದು?"

ರಜನಿ ತಲೆ ಎತ್ತದೆ ಕನ್ನಡದಲ್ಲಿ ಹೇಳಿದಳು: "ಇಷ್ಟು ಚೂರಲ್ಲಿ ಎಡ ಬಲ ನನಗಲ್ಲ, ಯಾರಿಗೂ ಗೊತ್ತಾಗಲ್ಲ ನಿರು." ಆಮೇಲೆ ತಾಯಿಯ ಮುಖ ನೋಡಿ ಇಂಗ್ಲಿಷಿನಲ್ಲಿ ಹೇಳಿದಳು: "ಎಡಗಾಲೇ."

ಫುಸಾಯೆ ಇನ್ನೊಂದು ಜೊತೆ ಕಡ್ಡಿಗಳನ್ನು ನಿರುಪಮಾಳ ಕೈಗಿಟ್ಟರು. ಇಬ್ಬರೂ ಒಂದೇ ಚೂರನ್ನು ಎರಡು ಕಡೆಯಿಂದ ಹಿಡಿದು ಎತ್ತಿದರು. ಭರಣಿಯ ಬಾಯಿಯ ಹತ್ತಿರ ಬಂದಾಗ ತಾಯಿ ತಡೆದರು. ಸೊಂಟದ ಪಟ್ಟಿಗೆ ಸಿಕ್ಕಿಸಿದ್ದ ಕರವಸ್ತ್ರ ತೆಗೆದು ಆ ಹಿಮ್ಮಡಿಯ ಬೂದಿಯನ್ನು ಒರೆಸತೊಡಗಿದರು, ಕೆಸರುಗಾಲಲ್ಲಿ ಹೊಸ್ತಿಲಿಗೆ ಬಂದು ನಿಂತ ಮಗುವಿನ ಕಾಲು ಒರೆಸುವ ಹಾಗೆ, ನಿಧಾನವಾಗಿ, ಸಂದು ಬಿಡದೆ.